ಮುಖವೇ ಕಾಣದ ಪಾತ್ರಕ್ಕೆ ನಟರನ್ನು ಹೇಗೆ ಆರಿಸುತ್ತಾರೆ? (ಸ್ಟಾರ್ ಟ್ರೆಕ್ ಮತ್ತಿತರ ಧಾರಾವಾಹಿಗಳ ಅನ್ಯಗ್ರಹದವರು)

ಶರಾವತಿ_ತೀರ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ರಾತ್ರಿ ಊಟವಾದ ಮೇಲೆ ನಾನೂ ನನ್ನ ಮಗಳೂ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಧಾರಾವಾಹಿಯನ್ನು ಮೊದಲ ಕಂತಿನಿಂದ ನೋಡುತ್ತಿದ್ದೇವೆ. 1993ರಿಂದ 1999ರವರೆಗೆ ಪ್ರಸಾರವಾದ ಈ ಧಾರಾವಾಹಿಯಲ್ಲಿ ಪಾನಗೃಹ ನಡೆಸುವ ಕ್ವಾರ್ಕ್ ಎಂಬ, ಫೆರೆಂಗಿ ಜನಾಂಗದ ಅನ್ಯಗ್ರಹದವನು ಅವಳಿಗೆ ಅಚ್ಚುಮೆಚ್ಚು. ಮೊನ್ನೆ ಆ ಪಾತ್ರ ಮಾಡಿದ ಆರ್ಮಿನ್ ಶಿಮರ್‌ಮನ್ ಅವರ ಫೋಟೊ ತೋರಿಸಿದಾಗ ಬಹಳ ಹೊತ್ತು ದಿಟ್ಟಿಸಿ ನೋಡಿ, “ಅಪ್ಪಾ, ಆ ರಬ್ಬರ್ ಮುಖವನ್ನು ಯಾರಿಗೆ ಹಾಕಿದ್ದರೂ ಆಗುತ್ತಿತ್ತಲ್ಲ, ಇವರೇ ಏಕೆ ಬೇಕಿತ್ತು?” ಎಂದು ಕೇಳಿದಳು.

ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಕಿವಿ, ಹಣೆ, ಮೂಗು, ಹಲ್ಲು ಎಲ್ಲವೂ ಕೃತಕವಾದ ಮೇಲೆ ನಟನದು ಎಂದು ಉಳಿಯುವುದು ಏನು? ಮುಖವಾಡಕ್ಕೆ ಹೊಂದುವ ಮುಖವನ್ನು ಹುಡುಕುತ್ತಾರೋ, ಸಿಕ್ಕ ಮುಖಕ್ಕೆ ಹೊಂದುವಂತೆ ಮುಖವಾಡ ಮಾಡುತ್ತಾರೋ? ಈ ಕೆಲಸ ಬಲ್ಲವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ.

ಬಣ್ಣದ_ಪೆಟ್ಟಿಗೆ

ನಾನು ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷಗಳಿಂದ ಸಿನಿಮಾ, ಧಾರಾವಾಹಿಗಳಿಗೆ ಮೇಕಪ್ ಮಾಡುತ್ತಿದ್ದೇನೆ, ಸ್ವಲ್ಪ ಪ್ರಾಸ್ಥೆಟಿಕ್ (ಮುಖಕ್ಕೆ ಅಂಟಿಸುವ ಕೃತಕ ಅಂಗಗಳ) ಕೆಲಸವನ್ನೂ ಕಲಿತಿದ್ದೇನೆ. ನಿಮ್ಮ ಮಗಳ ಪ್ರಶ್ನೆಗೆ ಉತ್ತರವಿರುವುದು ಕೆಲಸದ ಮೊದಲ ದಿನದಲ್ಲಿ.

ಮೊದಲು ನಟನ ತಲೆಯ ಅಚ್ಚು ತೆಗೆಯಬೇಕು. ಹಲ್ಲಿನ ಡಾಕ್ಟರು ಅಳತೆ ತೆಗೆಯಲು ಬಳಸುವ ಆಲ್ಜಿನೇಟ್ ಎಂಬ ಪುಡಿಯನ್ನು ನೀರಿನಲ್ಲಿ ಕಲಸಿ ಇಡೀ ಮುಖಕ್ಕೆ ಸುರಿಯುತ್ತೇವೆ. ಮೂಗಿನ ಹೊಳ್ಳೆ ಎರಡನ್ನು ಬಿಟ್ಟರೆ ಎಲ್ಲವೂ ಮುಚ್ಚಿಹೋಗುತ್ತದೆ. ಅದರ ಮೇಲೆ ಪ್ಲಾಸ್ಟರ್ ಬ್ಯಾಂಡೇಜು ಸುತ್ತಿ, ಅದು ಗಟ್ಟಿಯಾಗುವವರೆಗೆ ಆ ಮನುಷ್ಯ ಅಲುಗದೆ ಕುಳಿತಿರಬೇಕು. ಕಣ್ಣು ಕಾಣದು, ಮಾತಾಡುವಂತಿಲ್ಲ, ಕಿವಿಗೆ ತನ್ನ ಉಸಿರಿನ ಸದ್ದು ಮಾತ್ರ ಕೇಳಿಸುತ್ತದೆ. ನಾನು ಅಚ್ಚು ತೆಗೆಯುವಾಗಲೆಲ್ಲ ನಟರ ಕೈ ಹಿಡಿದುಕೊಂಡೇ ಇರುತ್ತೇನೆ, ಒಂದು ಸಲ ಒತ್ತಿದರೆ ಸರಿಯಿದೆ, ಎರಡು ಸಲ ಒತ್ತಿದರೆ ತೆಗೆಯಿರಿ ಎಂದರ್ಥ. ಎತ್ತರದ ಗಟ್ಟಿಮುಟ್ಟಾದ ಯುವಕನೊಬ್ಬ ಐದೇ ನಿಮಿಷಕ್ಕೆ ನನ್ನ ಬೆರಳುಗಳನ್ನು ಮುರಿಯುವಷ್ಟು ಬಿಗಿಯಾಗಿ ಹಿಸುಕಿದ್ದು ನನಗಿನ್ನೂ ನೆನಪಿದೆ. ಆ ಪಾತ್ರ ಕೊನೆಗೆ ಐವತ್ತು ದಾಟಿದ, ಸಣ್ಣ ಮೈಕಟ್ಟಿನ ರಂಗಭೂಮಿಯ ಕಲಾವಿದರೊಬ್ಬರಿಗೆ ಹೋಯಿತು. ಮುಚ್ಚಿಟ್ಟ ಮುಖದೊಳಗೆ ನೆಮ್ಮದಿಯಾಗಿ ಇರಬಲ್ಲವರು ಯಾರು ಎಂಬುದೇ ಮೊದಲ ಪರೀಕ್ಷೆ.

ಆ ಅಚ್ಚಿನಿಂದ ನಟನ ತಲೆಯ ಪ್ಲಾಸ್ಟರ್ ಪ್ರತಿ ಬರುತ್ತದೆ. ಅನ್ಯಗ್ರಹದ ಹಣೆಯನ್ನೋ ಮೂಗನ್ನೋ ಜೇಡಿಮಣ್ಣಿನಲ್ಲಿ ಆ ಪ್ರತಿಯ ಮೇಲೆಯೇ ತಿದ್ದುತ್ತಾರೆ. ಅದಕ್ಕೆ ಮತ್ತೊಂದು ಅಚ್ಚು ತೆಗೆದು, ನಡುವಿನ ಜಾಗಕ್ಕೆ ನೊರೆಯಂತೆ ಕಡೆದ ಲೇಟೆಕ್ಸ್ ತುಂಬಿ ಓವನ್‌ನಲ್ಲಿ ಬೇಯಿಸುತ್ತಾರೆ. ಹೀಗಾಗಿ ಒಬ್ಬರಿಗೆ ಮಾಡಿದ ತುಂಡು ಇನ್ನೊಬ್ಬರಿಗೆ ಸರಿಯಾಗಿ ಕೂರುವುದಿಲ್ಲ. ಅಂಚು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿರುತ್ತದೆ, ಸಂಜೆ ಕೀಳುವಾಗ ಹರಿದುಹೋಗುತ್ತದೆ. ಮರುದಿನಕ್ಕೆ ಹೊಸ ತುಂಡೇ ಬೇಕು. ಏಳು ವರ್ಷ ನಡೆದ ಧಾರಾವಾಹಿಯಲ್ಲಿ ಒಬ್ಬ ನಟನಿಗೆ ಎಷ್ಟು ತಲೆಗಳು ಬೇಕಾಗಿರಬಹುದು ಎಂದು ಯೋಚಿಸಿ ನೋಡಿ.

ಕೃತ್ತಿಕಾ_77

ಬಣ್ಣದ_ಪೆಟ್ಟಿಗೆ ಅವರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಓದುವಾಗಲೇ ಉಸಿರು ಕಟ್ಟಿದಂತಾಯಿತು.

ಹಳೆಯ_ಆಂಟೆನಾ

ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಮೂಲ ಸ್ಟಾರ್ ಟ್ರೆಕ್ ನೋಡಿ ಬೆಳೆದವನು ನಾನು. ನಮ್ಮ ಬೀದಿಗೆಲ್ಲ ಒಂದೇ ಟಿವಿ, ಅದೂ ಕಪ್ಪುಬಿಳುಪಿನದು. ಅದರಲ್ಲಿ ವಲ್ಕನ್ ಎಂಬ ಅನ್ಯಗ್ರಹ ಜನಾಂಗದ, ಚೂಪು ಕಿವಿಯ ಸ್ಪಾಕ್‌ನ ಮೈಬಣ್ಣ ಬೇರೆ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ.

ಸ್ಪಾಕ್‌ನ ಕಿವಿಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಮೊದಲು ಆ ಕಿವಿಗಳನ್ನು ಮಾಡುವ ಕೆಲಸ ವಿಶೇಷ ಪರಿಣಾಮಗಳ ಗುತ್ತಿಗೆ ಹಿಡಿದವರ ಪಾಲಿಗೆ ಹೋಗಿತ್ತು. ಅವರು ತಂದುಕೊಟ್ಟ ಕಿವಿಗಳು ಒರಟಾಗಿ, ಕಂಡರೆ ನಗು ಬರುವಂತಿದ್ದವು. ಮೇಕಪ್ ಕಲಾವಿದ ಫ್ರೆಡ್ ಫಿಲಿಪ್ಸ್ ಅವುಗಳನ್ನು ಒಪ್ಪದೆ, ಎಂಜಿಎಂ ಸ್ಟುಡಿಯೋದಲ್ಲಿದ್ದ ಚಾರ್ಲಿ ಶ್ರಾಮ್ ಎಂಬ ನುರಿತ ಕೆಲಸಗಾರರ ಬಳಿಗೆ ಸ್ಪಾಕ್ ಪಾತ್ರದ ನಟ ಲಿಯೊನಾರ್ಡ್ ನಿಮಾಯ್ ಅವರನ್ನು ಕಳುಹಿಸಿದರು. ಆಮೇಲೆಯೇ ನಾವು ಕಂಡ ಕಿವಿಗಳು ಬಂದದ್ದು. ಆದರೂ ನಿಮಾಯ್ ಅವರಿಗೆ ಅಳುಕು ಹೋಗಿರಲಿಲ್ಲ. ಜನ ನಕ್ಕರೆ ನಟನೆಯ ಬದುಕೇ ಮುಗಿದಂತೆ ಎಂದು ಅವರು ಹೆದರಿದ್ದಾಗ, ಹದಿಮೂರು ಕಂತುಗಳಾದ ಮೇಲೂ ನಿಮಗೆ ಸಮಾಧಾನವಾಗದಿದ್ದರೆ ಸ್ಪಾಕ್‌ಗೆ ಕಿವಿಯ ಶಸ್ತ್ರಚಿಕಿತ್ಸೆ ಮಾಡಿಸುವ ಕಥೆಯನ್ನು ನಾನೇ ಬರೆಯುತ್ತೇನೆ ಎಂದು ಧಾರಾವಾಹಿಯ ಕರ್ತೃ ಜೀನ್ ರಾಡನ್‌ಬೆರಿ ಮಾತು ಕೊಟ್ಟರಂತೆ. ಹಸಿರು ಛಾಯೆಯ ಮೈಬಣ್ಣವನ್ನಂತೂ ಮೊದಲಿನಿಂದಲೂ ಹಾಗೆಯೇ ಯೋಚಿಸಿದ್ದರು.

ನೀಲಿ_ಹೊದಿಕೆ

ಕೊನೆಯ ವಾಕ್ಯಕ್ಕೆ ತಿದ್ದುಪಡಿ ಬೇಕು, ಸರ್. ಸ್ಪಾಕ್‌ನ ಮೈ ಕೆಂಪು ಛಾಯೆಯಲ್ಲಿರಬೇಕೆಂಬುದು ಮೊದಲ ಯೋಚನೆಯಾಗಿತ್ತು. ಆಗ ಬಹಳ ಮನೆಗಳಲ್ಲಿ ಕಪ್ಪುಬಿಳುಪಿನ ಟಿವಿಗಳಿದ್ದುದರಿಂದ ಆ ಕೆಂಪು ಪರದೆಯ ಮೇಲೆ ಕಪ್ಪಾಗಿ ಕಾಣುತ್ತಿತ್ತು. ಅದಕ್ಕಾಗಿಯೇ ಹಳದಿಮಿಶ್ರಿತ ಬಣ್ಣಕ್ಕೆ ಬದಲಾಯಿಸಿದರು. ನಿಮ್ಮ ಬೀದಿಯ ಟಿವಿಯಂಥವೇ ಸ್ಪಾಕ್‌ನ ಬಣ್ಣವನ್ನು ನಿರ್ಧರಿಸಿದವು ಎನ್ನಬಹುದು.

ಹಸಿರಿನ ಕಥೆ ಬೇರೆಯದು. ಮೊದಲ ಪೈಲಟ್ (ಪ್ರಾಯೋಗಿಕ) ಕಂತಿನಲ್ಲಿ ಓರಿಯನ್ ಗ್ರಹದ ಹಸಿರು ನರ್ತಕಿಯ ಪಾತ್ರವಿತ್ತು. ನಟಿ ಮೇಜಲ್ ಬ್ಯಾರೆಟ್ ಅವರಿಗೆ ಹಸಿರು ಬಳಿದು ಪರೀಕ್ಷಾ ಚಿತ್ರೀಕರಣ ಮಾಡಿ ಫಿಲ್ಮನ್ನು ಲ್ಯಾಬಿಗೆ ಕಳುಹಿಸಿದರೆ, ಮರಳಿ ಬಂದ ಚಿತ್ರದಲ್ಲಿ ಆಕೆ ಮಾಮೂಲಿ ಮೈಬಣ್ಣದಲ್ಲಿದ್ದರು. ಇನ್ನಷ್ಟು ಗಾಢ ಹಸಿರು ಬಳಿದರೂ ಅದೇ ಫಲಿತಾಂಶ. ಬಣ್ಣ ಕೆಟ್ಟಿದೆಯೆಂದು ಭಾವಿಸಿ ಲ್ಯಾಬಿನವರು ಶ್ರದ್ಧೆಯಿಂದ ಅದನ್ನು ಸರಿಪಡಿಸಿ ಕಳುಹಿಸುತ್ತಿದ್ದರು! ಆ ಪಾತ್ರವನ್ನು ಕೊನೆಗೆ ಸೂಸನ್ ಆಲಿವರ್ ಮಾಡಿದರು.

ಹಳೆಯ_ಆಂಟೆನಾ

ತಿದ್ದಿದ್ದಕ್ಕೆ ಧನ್ಯವಾದ. ಕೆಂಪು ಬಣ್ಣದ ವಿಷಯ ನನಗೆ ಗೊತ್ತಿರಲಿಲ್ಲ.

ತುಂಗಭದ್ರಾ_ರಂಗ

ಮೂಲ ಪ್ರಶ್ನೆಗೆ ಮರಳೋಣ. ಆ ಮೊದಲ ಪೈಲಟ್‌ನಲ್ಲಿಯೇ ನಟರ ಆಯ್ಕೆಯ ಒಂದು ಸೊಗಸಾದ ಉದಾಹರಣೆಯಿದೆ. ದೊಡ್ಡ ತಲೆಯ, ಮಾತಾಡದೆ ಮನಸ್ಸಿನಿಂದಲೇ ಸಂಭಾಷಿಸುವ ಟಾಲೋಸಿಯನ್ ಜೀವಿಗಳ ಪಾತ್ರಕ್ಕೆ ಸಣ್ಣ ಮೈಕಟ್ಟಿನ ಮಹಿಳೆಯರನ್ನು ಆರಿಸಿ, ಅವರಿಗೆ ಗಂಡು ದನಿ ಜೋಡಿಸಿದರು. ಮುಖ್ಯ ಟಾಲೋಸಿಯನ್ ಆಗಿದ್ದವರು ಮೆಗ್ ವೈಲಿ, ದನಿ ಮಲಾಕೈ ತ್ರೋನ್ ಅವರದು. ನೋಡುವವರಿಗೆ ಇದು ಗಂಡೂ ಅಲ್ಲ, ಹೆಣ್ಣೂ ಅಲ್ಲ, ನಮ್ಮ ಲೋಕದ್ದೇ ಅಲ್ಲ ಅನ್ನಿಸುತ್ತದೆ. ರಬ್ಬರ್ ತಲೆಯೊಂದರಿಂದ ಆ ಭಾವನೆ ಬರುತ್ತಿರಲಿಲ್ಲ.

ಅನಂತ_ಪಥಿಕ

ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ನಟರನ್ನು ಹೊಗಳುವ ಭರದಲ್ಲಿ ಮೇಕಪ್ ಕಲಾವಿದರನ್ನು ನಾವು ಮತ್ತೆ ಹಿಂದಕ್ಕೆ ತಳ್ಳುತ್ತಿದ್ದೇವೆ. 1967ರ ‘ಅರೀನಾ’ ಕಂತಿನ ಗಾರ್ನ್ ಎಂಬ ಹಲ್ಲಿಮನುಷ್ಯನ ವೇಷದೊಳಗೆ ಒಬ್ಬರಿಗಿಂತ ಹೆಚ್ಚು ಮಂದಿ ಕೆಲಸ ಮಾಡಿದ್ದಾರೆ, ದನಿ ಇನ್ನೊಬ್ಬರದು. ಜನರಿಗೆ ಇಂದಿಗೂ ನೆನಪಿರುವುದು ವೇಷ ಮಾತ್ರ. ಅದನ್ನು ರಚಿಸಿದ ವಾ ಚಾಂಗ್ ಅವರೇ ಟಾಲೋಸಿಯನ್ನರ ತಲೆಗಳನ್ನೂ ಮಾಡಿದ್ದು. ಅವರು ಕಾರ್ಮಿಕ ಸಂಘದ ಸದಸ್ಯರಾಗಿರದ ಕಾರಣಕ್ಕೆ ಪರದೆಯ ಮೇಲೆ ಹೆಸರೂ ಬರಲಿಲ್ಲ. ನಟನ ಹೆಸರು ಪರದೆಯ ಮೇಲೆ ಹೇಗೂ ಬರುತ್ತದೆ, ನಾವು ಮೊದಲು ನೆನೆಯಬೇಕಾದದ್ದು ಇಂಥವರನ್ನು.

ತುಂಗಭದ್ರಾ_ರಂಗ

ವಾ ಚಾಂಗ್ ಅವರ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ನಿಜ, ಅದು ಅನ್ಯಾಯವೇ. ಆದರೆ ಗಾರ್ನ್‌ನಂತೆ ಒಂದು ಕಂತಿಗೆ ಬಂದು ಹೋಗುವ ಜೀವಿಯ ಮಾತು ಬೇರೆ, ಏಳು ವರ್ಷ ಪ್ರತಿ ವಾರ ನಮ್ಮ ಮನೆಯೊಳಗೆ ಬರುವ ಪಾತ್ರದ ಮಾತು ಬೇರೆ. ನಾನು ಇಪ್ಪತ್ತು ವರ್ಷ ಹವ್ಯಾಸಿ ರಂಗಭೂಮಿಯಲ್ಲಿ ದುಡಿದವನು. ಸ್ಪಿರಿಟ್ ಗಮ್ ಹಚ್ಚಿ ಗಡ್ಡ ಅಂಟಿಸಿಕೊಂಡು ಮೂರು ಗಂಟೆ ಪೌರಾಣಿಕ ನಾಟಕ ಆಡಿದವರಿಗೆ ಇದು ಅರ್ಥವಾಗುತ್ತದೆ. ತುಟಿಯ ಸುತ್ತ ಚರ್ಮ ಎಳೆದು ಹಿಡಿದಂತಿರುವಾಗ ಮಾತಿನ ಸ್ಪಷ್ಟತೆ ಉಳಿಸಿಕೊಳ್ಳುವುದು ಒಂದು ಸಾಧನೆ. ಶಿಮರ್‌ಮನ್ ಅದರ ಜೊತೆಗೆ ಮೊನಚಾದ ಕೃತಕ ಹಲ್ಲುಗಳನ್ನೂ ಹಾಕಿಕೊಂಡು, ವಾಕ್ಯದ ಮೇಲೆ ವಾಕ್ಯ ಹೆಣೆದಂಥ ಉದ್ದುದ್ದ ಸಂಭಾಷಣೆಗಳನ್ನು ಒಂದಕ್ಷರವೂ ನುಂಗದಂತೆ ಒಪ್ಪಿಸುತ್ತಿದ್ದರು. ಅವರೂ, ಅದೇ ಧಾರಾವಾಹಿಯಲ್ಲಿ ಓಡೋ ಪಾತ್ರ ಮಾಡಿದ ರೆನೆ ಓಬರ್‌ಜನ್ವಾ ಅವರೂ ರಂಗಭೂಮಿಯಲ್ಲಿ ಪಳಗಿದವರು. ‘ಬ್ಯಾಬಿಲನ್ 5’ ಎಂಬ ಇನ್ನೊಂದು ಧಾರಾವಾಹಿಯಲ್ಲಿ ಜಿಕಾರ್ ಎಂಬ ಅನ್ಯಗ್ರಹದವನಾಗಿದ್ದ ಆಂಡ್ರಿಯಾಸ್ ಕಟ್ಸುಲಾಸ್ ಕೂಡ ರಂಗ ನಿರ್ದೇಶಕ ಪೀಟರ್ ಬ್ರೂಕ್ ಅವರ ತಂಡದಲ್ಲಿ ದುಡಿದು ಬಂದವರು. ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಭಾವ ಮುಟ್ಟಿಸಲು ಕಲಿತವರ ನಟನೆ ಅರ್ಧ ಅಂಗುಲ ದಪ್ಪದ ರಬ್ಬರನ್ನೂ ದಾಟಿ ಹೊರಗೆ ಬರುತ್ತದೆ.

ಶರಾವತಿ_ತೀರ

ಹಾಗಿದ್ದರೆ ಶಿಮರ್‌ಮನ್ ಅವರ ಮೊದಲ ಫೆರೆಂಗಿ ಪಾತ್ರ ಕ್ವಾರ್ಕ್‌ನದೇ ಅಲ್ಲವೇ?

ನೀಲಿ_ಹೊದಿಕೆ

ಅಲ್ಲ. ‘ಸ್ಟಾರ್ ಟ್ರೆಕ್: ನೆಕ್ಸ್ಟ್ ಜನರೇಷನ್’ ಧಾರಾವಾಹಿಯ ಮೊದಲ ವರ್ಷ, 1987ರಲ್ಲಿ, ಫೆರೆಂಗಿಗಳು ಮೊತ್ತಮೊದಲು ಕಾಣಿಸಿಕೊಂಡ ಕಂತಿನಲ್ಲಿಯೇ ಅವರಿದ್ದರು. ಅಲ್ಲಿ ಫೆರೆಂಗಿಗಳು ಕುಪ್ಪಳಿಸುವ, ಕಿರಿಚುವ ಜೀವಿಗಳಾಗಿ ಬಂದು ಯಾರಿಗೂ ಹಿಡಿಸಲಿಲ್ಲ. ಆ ಚಿತ್ರಣದ ಬಗ್ಗೆ ಸ್ವತಃ ಶಿಮರ್‌ಮನ್ ಅವರಿಗೇ ಅಸಮಾಧಾನವಿತ್ತು, ಕ್ವಾರ್ಕ್‌ನ ಮೂಲಕ ಅದನ್ನು ಸರಿಪಡಿಸಬೇಕೆಂದು ಅವರು ಹಟ ತೊಟ್ಟಿದ್ದರು. ಎರಡರಲ್ಲೂ ಇದ್ದದ್ದು ಅದೇ ದೊಡ್ಡ ಕಿವಿಗಳ ವೇಷ, ಅದೇ ನಟ, ಆದರೆ ಹೊರಬಂದ ಮನುಷ್ಯರು ಬೇರೆ ಬೇರೆ. ನಿಮ್ಮ ಮಗಳಿಗೆ ಆ ಹಳೆಯ ಕಂತನ್ನು ತೋರಿಸಿ, ಉತ್ತರ ಅವಳಿಗೇ ಸಿಗುತ್ತದೆ.

ಬಣ್ಣದ_ಪೆಟ್ಟಿಗೆ

ಅನಂತ_ಪಥಿಕ ಅವರೇ, ಮೇಕಪ್ ಕೆಲಸದವಳಾಗಿ ನಿಮ್ಮ ಕಾಳಜಿಗೆ ಕೃತಜ್ಞತೆಗಳು. ಆದರೂ ನಾನು ತುಂಗಭದ್ರಾ_ರಂಗ ಅವರ ಪಕ್ಷವೇ. ನಮ್ಮ ಕಸುಬಿನಲ್ಲಿ ಎಲ್ಲರೂ ಗೌರವಿಸುವ ಮೈಕಲ್ ವೆಸ್ಟ್‌ಮೋರ್ 1987ರಿಂದ 2005ರವರೆಗೆ ಸ್ಟಾರ್ ಟ್ರೆಕ್ ಧಾರಾವಾಹಿಗಳ ಮೇಕಪ್ ನಡೆಸಿದವರು. ಅವರ ಅಜ್ಜ ಜಾರ್ಜ್ ವೆಸ್ಟ್‌ಮೋರ್ 1917ರಲ್ಲಿ ಹಾಲಿವುಡ್‌ನ ಮೊದಲ ಸ್ಟುಡಿಯೋ ಮೇಕಪ್ ವಿಭಾಗವನ್ನು ಸ್ಥಾಪಿಸಿದವರು, ಮೂರು ತಲೆಮಾರಿನ ವಿದ್ಯೆ ಅದು. ಈ ವೆಸ್ಟ್‌ಮೋರ್ ಅವರು ನಟರ ಮುಖ ನೋಡಿಯೇ ಜೀವಿಯನ್ನು ರೂಪಿಸುತ್ತಿದ್ದರು.

ಕಾರ್ಡೇಸಿಯನ್ನರು ಎಂಬ ಅನ್ಯಗ್ರಹ ಜನಾಂಗವನ್ನು ನೋಡಿ. 1991ರಲ್ಲಿ ಅವರು ಮೊದಲು ಬಂದಾಗ ಮುಖ್ಯ ಪಾತ್ರಕ್ಕೆ ಆಯ್ಕೆಯಾದವರು ಮಾರ್ಕ್ ಅಲೈಮೊ, ಅವರ ಕುತ್ತಿಗೆ ಉದ್ದ, ಭುಜ ಅಗಲ. ವೆಸ್ಟ್‌ಮೋರ್ ಅದನ್ನು ಮುಚ್ಚುವ ಬದಲು, ಕಿವಿಯ ಕೆಳಗಿನಿಂದ ಭುಜದವರೆಗೆ ಹಾವಿನ ಹೆಡೆಯಂತೆ ಹರಡಿಕೊಳ್ಳುವ ಎರಡು ಏಣುಗಳನ್ನು ಜೋಡಿಸಿ ಇನ್ನಷ್ಟು ಎತ್ತಿ ತೋರಿಸಿದರು. ಹಣೆಯ ನಡುವಿನ ಚಮಚದಂಥ ಗುಳಿ ಅವರಿಗೆ ಹೊಳೆದದ್ದು ಒಂದು ವರ್ಣಚಿತ್ರದಿಂದ. ಅಲ್ಲಿಂದಾಚೆಗೆ ಆ ಇಡೀ ಜನಾಂಗಕ್ಕೇ ಅಲೈಮೊ ಅವರ ಕುತ್ತಿಗೆ ಬಂತು! ಮುಂದೆ ‘ಡೀಪ್ ಸ್ಪೇಸ್ ನೈನ್’ನಲ್ಲಿ ಗುಲ್ ಡುಕಾಟ್ ಎಂಬ ಕಾರ್ಡೇಸಿಯನ್ ಆದವರೂ ಅವರೇ. ಅಂದು ಗಿಡ್ಡ ಕುತ್ತಿಗೆಯ ನಟ ಆಯ್ಕೆಯಾಗಿದ್ದರೆ ಕಾರ್ಡೇಸಿಯನ್ನರು ಬೇರೆಯೇ ರೀತಿ ಇರುತ್ತಿದ್ದರು.

ಇದಕ್ಕೆ ತಿರುಗುಮುರುಗಾದ ಉದಾಹರಣೆ ಟೆರಿ ಫ್ಯಾರೆಲ್ ಅವರದು. ಟ್ರಿಲ್ ಜನಾಂಗದವರು 1991ರಲ್ಲಿ ಮೊದಲು ಬಂದಾಗ ಅವರಿಗೆ ಉಬ್ಬು ಹಣೆಯಿತ್ತು. ‘ಡೀಪ್ ಸ್ಪೇಸ್ ನೈನ್’ನ ಡ್ಯಾಕ್ಸ್ ಎಂಬ ಟ್ರಿಲ್ ಪಾತ್ರಕ್ಕೆ ಫ್ಯಾರೆಲ್ ಆಯ್ಕೆಯಾದ ಮೇಲೆ ಅದೇ ಹಣೆಯನ್ನು ಅವರಿಗೆ ಅಂಟಿಸಿ ನೋಡಿದರೆ ಅವರ ಮುಖದ ಚೆಲುವೆಲ್ಲ ಮರೆಯಾಯಿತು. ಹಣೆಯನ್ನು ಕೈಬಿಟ್ಟು, ಕಪಾಲದಿಂದ ಕುತ್ತಿಗೆಯವರೆಗೆ ಚುಕ್ಕೆಗಳ ಸಾಲನ್ನು ಇಳಿಸಿದರು. ಆ ಚುಕ್ಕೆಗಳನ್ನು ವೆಸ್ಟ್‌ಮೋರ್ ಸ್ವತಃ ಬರೆಯುತ್ತಿದ್ದರು. ಕುಂಚ ಹಿಡಿದು ಪ್ರತಿದಿನ ಅದೇ ಜಾಗದಲ್ಲಿ ಅದೇ ಗಾತ್ರದ ಚುಕ್ಕೆ ಇಡುವುದು ಸುಲಭವಲ್ಲ ಎಂದು ಕಸುಬಿನವಳಾಗಿ ಹೇಳುತ್ತೇನೆ. ಹಣೆ ಅಂಟಿಸುವುದು ಎಷ್ಟೋ ವಾಸಿ.

ಕೃತ್ತಿಕಾ_77

ಬಜೋರನ್ನರು ಎಂಬ ಇನ್ನೊಂದು ಜನಾಂಗದವರ ಮೂಗಿನ ಮೇಲಿನ ಸಣ್ಣ ಗೆರೆಗಳೂ ಅದೇ ಕಾರಣಕ್ಕೇ ಅಷ್ಟು ಸರಳವಾಗಿವೆ. ನಟಿಯ ಚಂದ ಕೆಡದಂತೆ ಏನಾದರೂ ಮಾಡಿ ಎಂಬುದು ನಿರ್ಮಾಪಕರ ಸೂಚನೆಯಾಗಿತ್ತು.

ಸಹ್ಯಾದ್ರಿ_ನೋಟ

ಈ ಮಾತೇ ನನಗೆ ಕಿರಿಕಿರಿ ಮಾಡುವುದು. ಹೆಣ್ಣಾದರೆ ಮೂಗಿನ ಮೇಲೆ ನಾಲ್ಕು ಗೆರೆ, ನಾಲ್ಕು ಚುಕ್ಕೆ. ಗಂಡಾದರೆ ಇಡೀ ತಲೆ ಮುಚ್ಚಿಬಿಡಬಹುದು. ಅನ್ಯಗ್ರಹಕ್ಕೆ ಹೋದರೂ ಹೆಣ್ಣು ಚೆಲುವೆಯಾಗಿಯೇ ಕಾಣಬೇಕೆಂಬ ಹಟ ಬಿಟ್ಟಿಲ್ಲ ಎಂಬುದನ್ನು ಗಮನಿಸಬೇಕು. ಸೂಸಿ ಪ್ಲಾಕ್ಸನ್ ಅವರು ಕೇಲಾರ್ ಎಂಬ ಅರೆ ಕ್ಲಿಂಗಾನ್ (ಸ್ಟಾರ್ ಟ್ರೆಕ್‌ನ ಇನ್ನೊಂದು ಅನ್ಯಗ್ರಹ ಜನಾಂಗ) ಪಾತ್ರದಲ್ಲಿ ಪೂರ್ತಿ ಹಣೆ ಹಾಕಿಕೊಂಡು ಎಷ್ಟು ಗಾಂಭೀರ್ಯದಿಂದ ನಿಂತಿದ್ದರು! ಅದಕ್ಕೂ ಮೊದಲು ವಲ್ಕನ್ ವೈದ್ಯೆಯಾಗಿ ಬಂದವರೂ ಅವರೇ ಎಂದು ಎಷ್ಟು ಜನ ಗುರುತಿಸಿದ್ದೀರಿ? ‘ಬ್ಯಾಬಿಲನ್ 5’ರ 1993ರ ಪೈಲಟ್‌ನಲ್ಲಿ ಮೀರಾ ಫುರ್ಲಾನ್ ಅವರ ಡೆಲೆನ್ ಪಾತ್ರವನ್ನು ಗಂಡೆಂದು ತೋರಿಸಿ, ದನಿಯನ್ನು ಯಂತ್ರದಿಂದ ಬದಲಿಸುವ ಯೋಚನೆಯಿತ್ತು. ದನಿ ಸರಿಹೊಂದದೆ ಆ ಯೋಜನೆ ಬಿಟ್ಟರು. ನಡೆದಿದ್ದರೆ ದೊಡ್ಡ ಸಾಹಸವಾಗುತ್ತಿತ್ತು.

ಅನಂತ_ಪಥಿಕ

ನಿಮ್ಮ ಮಾತು ಸರಿ. ಜೊತೆಗೆ ಬಣ್ಣದ ಪ್ರಶ್ನೆಯನ್ನೂ ಎತ್ತಬೇಕು. 1967ರಲ್ಲಿ ಕ್ಲಿಂಗಾನರು ಮೊದಲು ಬಂದಾಗ ಅವರಿಗೆ ಹಣೆಯ ಏಣು ಇರಲಿಲ್ಲ. ಬಿಳಿಯ ನಟರಿಗೆ ಕಂದು ಬಣ್ಣ ಬಳಿದು, ಹುಬ್ಬು ತಿದ್ದಿ, ಗಡ್ಡ ಮೀಸೆ ಅಂಟಿಸಿದ್ದರು. ಜಾನ್ ಕೊಲಿಕೋಸ್ ತಮ್ಮ ಪಾತ್ರಕ್ಕೆ ಗೆಂಘಿಸ್ ಖಾನನ ಚಹರೆಯನ್ನು ಕೇಳಿ ಹಾಕಿಸಿಕೊಂಡವರು. ಅಂದರೆ ಶತ್ರು ಎಂದರೆ ಪೂರ್ವದವನು, ಕಂದು ಮೈಯವನು ಎಂಬ ಅಮೆರಿಕದ ಅಂದಿನ ಕಲ್ಪನೆಯೇ ಅನ್ಯಗ್ರಹದವರ ಹೆಸರಿನಲ್ಲಿ ಬಂತು. ಕಂದು ಮೈಯವರಾದ ನಾವು ಇದನ್ನು ನೋಡಿಯೂ ನೋಡದಂತೆ ಇರಬಾರದು.

ಹಳೆಯ_ಆಂಟೆನಾ

ಹಣದ ಅಡಚಣೆಯೂ ಕಾರಣವಾಗಿತ್ತು. ವಲ್ಕನ್ನರಂತೆ ಚೂಪು ಕಿವಿಯ ರೊಮ್ಯುಲನ್ ಜನಾಂಗದವರ ಮೊದಲ ಕಂತಿನಲ್ಲಿ ಎಲ್ಲರಿಗೂ ಚೂಪು ಕಿವಿ ಮಾಡಿಸಲು ಹಣ ಸಾಲದೆ, ಹಿಂದಿನ ಸಾಲಿನವರಿಗೆಲ್ಲ ಕಿವಿ ಮುಚ್ಚುವ ಶಿರಸ್ತ್ರಾಣ ತೊಡಿಸಿದರು.

ಅನಂತ_ಪಥಿಕ

ಹಣದ ಅಡಚಣೆ ಹಣೆಯ ಏಣು ಇಲ್ಲದ್ದಕ್ಕೆ ಉತ್ತರವಾಗುತ್ತದೆ, ಕಂದು ಬಣ್ಣವನ್ನೇ ಆರಿಸಿದ್ದಕ್ಕೆ ಆಗುವುದಿಲ್ಲ. ಅದೇ ಡಬ್ಬಿಯಲ್ಲಿ ನೀಲಿಯೂ ಇತ್ತಲ್ಲ.

ಸಹ್ಯಾದ್ರಿ_ನೋಟ

ಒಪ್ಪುತ್ತೇನೆ. ಆದರೆ ಆ ಕಥೆ ಅಲ್ಲಿಗೇ ನಿಲ್ಲಲಿಲ್ಲ ಎಂಬುದನ್ನೂ ಸೇರಿಸಬೇಕು. 1987ರಲ್ಲಿ ವೋರ್ಫ್ ಎಂಬ ಕ್ಲಿಂಗಾನ್ ಆಗಿ ಮೈಕಲ್ ಡಾರ್ನ್ ಬಂದ ಮೇಲೆ ಕಪ್ಪು ನಟನೊಬ್ಬ ಕ್ಲಿಂಗಾನರ ಮುಖವಾದ. ವೋರ್ಫ್‌ನ ತಮ್ಮನ ಪಾತ್ರ ಮಾಡಿದ್ದು ಟೋನಿ ಟಾಡ್. ಡಾರ್ನ್ ಅವರ ತಗ್ಗಿದ ದನಿ, ಅಳೆದು ತೂಗಿದ ಚಲನೆ, ಮಾನ ಮರ್ಯಾದೆಯನ್ನು ಪ್ರಾಣಕ್ಕಿಂತ ಹೆಚ್ಚೆಂದು ತಿಳಿಯುವ ಗತ್ತು ಇಡೀ ಜನಾಂಗದ ಸ್ವಭಾವವನ್ನೇ ಬದಲಿಸಿತು. ಮೊದಲು ಕೇವಲ ದುಷ್ಟರಾಗಿದ್ದವರು ಯೋಧರಾದರು. ಗೌರಾನ್ ಪಾತ್ರದ ರಾಬರ್ಟ್ ಒ’ರೈಲಿ ಅವರಂಥ ಬಿಳಿಯ ನಟರಿಗೆ ಆಗಲೂ ಕಂದು ಬಣ್ಣ ಹಚ್ಚುತ್ತಿದ್ದರು, ಆದ್ದರಿಂದ ಪ್ರಶ್ನೆ ಪೂರ್ತಿ ಬಗೆಹರಿಯಿತೆಂದು ನಾನು ಹೇಳಲಾರೆ. 1995ರಲ್ಲಿ ‘ಸ್ಟಾರ್ ಟ್ರೆಕ್: ವಾಯೇಜರ್’ನ ಟುವಾಕ್ ಎಂಬ ವಲ್ಕನ್ ಪಾತ್ರಕ್ಕೆ ಟಿಮ್ ರಸ್ ಅವರನ್ನು ಆರಿಸಿದಾಗ ಕಪ್ಪು ವಲ್ಕನ್ ಇರಲು ಹೇಗೆ ಸಾಧ್ಯ ಎಂದು ಕೇಳಿದ ಪ್ರೇಕ್ಷಕರೂ ಇದ್ದರು. ಚೂಪು ಕಿವಿಯನ್ನು ನಂಬಿದವರಿಗೆ ಕಪ್ಪು ಮೈ ನಂಬಲು ಕಷ್ಟವಾಯಿತು.

ಟೇಮ್ಸ್_ದಂಡೆಯ_ಕನ್ನಡತಿ

ಎಲ್ಲರೂ ಸ್ಟಾರ್ ಟ್ರೆಕ್‌ನಲ್ಲೇ ಇದ್ದೀರಿ, ನಾನು ಬ್ರಿಟನ್ನಿನ ‘ಡಾಕ್ಟರ್ ಹೂ’ ಕಡೆಗೆ ಕರೆದೊಯ್ಯುತ್ತೇನೆ. 1973ರ ಕೊನೆಯಲ್ಲಿ ಸೊಂಟಾರನ್ ಎಂಬ ಗುಂಡು ತಲೆಯ ಯೋಧನಾಗಿ ಕೆವಿನ್ ಲಿಂಡ್ಸೆ ಬಂದರು. ಅವರಿಗೆ ಹೃದಯದ ತೊಂದರೆಯಿತ್ತು, ಆ ಭಾರವಾದ ಮುಖವಾಡದೊಳಗೆ ಉಸಿರಾಡುವುದೇ ಕಷ್ಟವಾಯಿತು. 1975ರಲ್ಲಿ ಅವರು ಮತ್ತೊಮ್ಮೆ ಸೊಂಟಾರನ್ ಆಗಿ ಬಂದಾಗ ಹಗುರವಾದ ಬೇರೆ ಮುಖವಾಡ ಮಾಡಿದರು. ಗಮನಿಸಿ ನೋಡಿದರೆ ಎರಡೂ ಮುಖಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಆ ಬದಲಾವಣೆ ಒಬ್ಬ ಮನುಷ್ಯನ ಉಸಿರಾಟಕ್ಕಾಗಿ ಆದದ್ದು ಎಂದು ತಿಳಿದ ಮೇಲೆ ನನಗೆ ಅದು ದೋಷವಾಗಿ ಕಾಣುವುದೇ ಇಲ್ಲ. ಅದೇ ವರ್ಷ ಅವರು ತೀರಿಕೊಂಡರು.

ಕೃತ್ತಿಕಾ_77

ಆಸ್ಟ್ರೇಲಿಯಾದಲ್ಲಿ ಚಿತ್ರೀಕರಣವಾದ ‘ಫಾರ್‌ಸ್ಕೇಪ್’ ಧಾರಾವಾಹಿಯಲ್ಲಿ ನೀಲಿ ಮೈಯ ಜಾನ್ ಪಾತ್ರ ಮಾಡಿದ ವರ್ಜೀನಿಯಾ ಹೇ ಅವರದೂ ಇಂಥದೇ ನೋವಿನ ಕಥೆ. ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡು ದಿನವೂ ನೀಲಿ ಬಣ್ಣ ಬಳಿಸಿಕೊಳ್ಳುತ್ತಿದ್ದರು. ಆ ಮೇಕಪ್ಪಿನಿಂದ ತಮ್ಮ ಆರೋಗ್ಯ ಕೆಟ್ಟಿತೆಂದು ಅವರೇ ಹೇಳಿಕೊಂಡಿದ್ದಾರೆ, ಮೂರನೆಯ ಸರಣಿಯಲ್ಲಿ ಪಾತ್ರವನ್ನು ಬಿಟ್ಟರು.

ಬೋಳುತಲೆಯ ಮಾತು ಬಂದಾಗ ನಮ್ಮ ದೇಶದವರೇ ಆದ ಮುಂಬಯಿಯ ಪರ್ಸಿಸ್ ಖಂಬಾಟಾ ಅವರನ್ನು ನೆನೆಯದಿರಲು ಆಗದು. 1979ರ ಸ್ಟಾರ್ ಟ್ರೆಕ್ ಚಲನಚಿತ್ರದಲ್ಲಿ ಡೆಲ್ಟಾ ಗ್ರಹದ ಇಲಿಯಾ ಪಾತ್ರಕ್ಕಾಗಿ ಅವರು ತಮ್ಮ ಉದ್ದ ಕೂದಲನ್ನು ಪೂರ್ತಿ ತೆಗೆಸಿಕೊಂಡರು. ಬೋಳಿಸುವಾಗ ಕಣ್ಣೀರು ಹಾಕಿದರಂತೆ. ರಬ್ಬರಿನ ಒಂದು ತುಂಡನ್ನೂ ಅಂಟಿಸದೆ ಆಕೆ ಪೂರ್ತಿ ಬೇರೆ ಲೋಕದವರಾಗಿ ಕಾಣುತ್ತಾರೆ.

ಬಣ್ಣದ_ಪೆಟ್ಟಿಗೆ

ನಟರ ಮೈಮೇಲೆ ಆಗುವ ನೋವಿನ ಬಗ್ಗೆ ನಾನೂ ಒಂದು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಪೌರಾಣಿಕ ಧಾರಾವಾಹಿಯಲ್ಲಿ ರಾಕ್ಷಸನ ಹಣೆ ಅಂಟಿಸುವ ಕೆಲಸ ನನಗೆ ಬಂತು. ಎರಡು ಗಂಟೆ ಬೇಕೆಂದು ಕೇಳಿದೆ, ನಿರ್ಮಾಣದವರು ನಲವತ್ತು ನಿಮಿಷ ಕೊಟ್ಟರು. ಮಧ್ಯಾಹ್ನದ ದೀಪಗಳ ಕಾವಿಗೆ ಬೆವರು ಲೇಟೆಕ್ಸಿನ ಅಡಿಯಲ್ಲಿ ಸೇರಿ ಹುಬ್ಬಿನ ಬಳಿಯ ಅಂಚು ಮೇಲೆದ್ದಿತು. ಶಾಟ್ ನಡುವೆ ಮೂರು ಸಲ ಅಂಟು ಹಚ್ಚಿದೆ. ಸಂಜೆ ಕೀಳುವಾಗ ದ್ರಾವಣ ಹಾಕಿ ನಿಧಾನವಾಗಿ ಬಿಡಿಸಬೇಕಿತ್ತು, ಆ ಕಲಾವಿದರಿಗೆ ಊರಿಗೆ ಹೋಗುವ ಬಸ್ಸಿಗೆ ಹೊತ್ತಾಗಿತ್ತು, ತಾವೇ ಎಳೆದುಬಿಟ್ಟರು. ಅಂಚಿನುದ್ದಕ್ಕೂ ಚರ್ಮ ಕಿತ್ತುಬಂದು ಕೆಂಪು ಗೆರೆ ಮೂಡಿತು. ಮರುದಿನ ಬೆಳಿಗ್ಗೆ ಅದೇ ಗೆರೆಯ ಮೇಲೆ ನಾನು ಮತ್ತೆ ಅಂಟು ಹಚ್ಚಬೇಕಾಯಿತು. ಅವರು ತುಟಿ ಕಚ್ಚಿ ಕುಳಿತಿದ್ದರು, ಒಂದು ಮಾತು ಆಡಲಿಲ್ಲ. ಮೈಕಲ್ ಡಾರ್ನ್ ಅವರು ಇನ್ನೂರ ಎಪ್ಪತ್ತಕ್ಕೂ ಹೆಚ್ಚು ಕಂತುಗಳಲ್ಲಿ ಈ ಕೆಲಸ ಮಾಡಿದ್ದಾರೆ ಎಂದು ಓದಿದಾಗ ನನಗೆ ನೆನಪಾಗುವುದು ಆ ಕೆಂಪು ಗೆರೆ.

ಮುಂಜಾವು_ಕಿರಣ

ಈಗ ಸಿಲಿಕೋನ್ ಬಂದ ಮೇಲೆ ಈ ತೊಂದರೆ ಇಲ್ಲವಲ್ಲ?

ಬಣ್ಣದ_ಪೆಟ್ಟಿಗೆ

ತೊಂದರೆಯ ರೂಪ ಬದಲಾಗಿದೆ ಅಷ್ಟೆ. ಸಿಲಿಕೋನ್ ನಿಜವಾದ ಚರ್ಮದಂತೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಎಚ್‌ಡಿ ಕ್ಯಾಮೆರಾದ ಮುಂದೆ ಚೆನ್ನಾಗಿ ಕಾಣುತ್ತದೆ. ಆದರೆ ಲೇಟೆಕ್ಸ್ ನೊರೆಗಿಂತ ಭಾರ, ಗಾಳಿಯಾಡುವುದಿಲ್ಲ. ಹಳೆಯ ಟಿವಿಯಲ್ಲಿ ಮರೆಯಾಗುತ್ತಿದ್ದ ಅಂಚು ಈಗ ಎದ್ದು ಕಾಣುವುದರಿಂದ ಕುರ್ಚಿಯಲ್ಲಿ ಕೂರುವ ಹೊತ್ತೂ ಕಡಿಮೆಯಾಗಿಲ್ಲ.

ನೀಲಿ_ಹೊದಿಕೆ

ಅದಕ್ಕೆ 2017ರ ‘ಸ್ಟಾರ್ ಟ್ರೆಕ್: ಡಿಸ್ಕವರಿ’ಯೇ ಸಾಕ್ಷಿ. ಅಲ್ಲಿನ ಕ್ಲಿಂಗಾನರ ಕೂದಲು ತೆಗೆದು, ತಲೆಬುರುಡೆಯನ್ನು ಹಿಂದಕ್ಕೆ ಚಾಚಿ, ತುಟಿಯವರೆಗೂ ದಪ್ಪ ತುಂಡುಗಳನ್ನು ಹಾಕಿದರು. ಕೆಲಸದ ನಾಜೂಕಿಗೆ ಕೈಮುಗಿಯಬೇಕು, ಆದರೆ ಮುಖ ಅಲುಗುತ್ತಿರಲಿಲ್ಲ, ಮಾತು ಬಾಯಿಯೊಳಗೇ ಉಳಿಯುತ್ತಿತ್ತು. ಎರಡನೆಯ ಸರಣಿಗೆ ಕೂದಲು ಮರಳಿತು. ಅದೇ ಧಾರಾವಾಹಿಯಲ್ಲಿ ಸಾರು ಎಂಬ ಪಾತ್ರ ಮಾಡಿದ ಡಗ್ ಜೋನ್ಸ್ ಅವರನ್ನು ನೋಡಿ. ಅವರ ಮುಖವೂ ಪೂರ್ತಿ ಮುಚ್ಚಿದೆ, ಗೊರಸಿನಂಥ ಬೂಟು ಹಾಕಿ ಬೆರಳ ತುದಿಯಲ್ಲಿ ನಡೆಯುತ್ತಾರೆ. ಅವರು ಮೂಕಾಭಿನಯ ಕಲಿತವರು. ಹೆದರಿಕೆ, ಹೆಮ್ಮೆ, ಮಮತೆ ಎಲ್ಲವೂ ಆ ಉದ್ದ ಕೈಗಳಲ್ಲೇ ಕಾಣುತ್ತವೆ. ಒಂದೇ ಮೇಕಪ್ ತಂಡದ ಕೆಲಸದಲ್ಲಿ ಇಷ್ಟು ಅಂತರವಿದ್ದರೆ ಅದು ನಟನಿಗೆ ಏನನ್ನು ಬಿಟ್ಟುಕೊಟ್ಟರು ಎಂಬುದರ ಅಂತರ.

ಅನಂತ_ಪಥಿಕ

‘ವಾಯೇಜರ್’ನ ‘ಥ್ರೆಶೋಲ್ಡ್’ ಕಂತು 1996ರಲ್ಲಿ ಮೇಕಪ್ಪಿಗೆ ಎಮ್ಮಿ ಪ್ರಶಸ್ತಿ ಪಡೆಯಿತು. ಅಭಿಮಾನಿಗಳು ಅದನ್ನು ಇಡೀ ಧಾರಾವಾಹಿಯ ಅತ್ಯಂತ ಕಳಪೆ ಕಂತುಗಳಲ್ಲಿ ಒಂದೆಂದು ಎಣಿಸುತ್ತಾರೆ. ನಿಮ್ಮ ವಾದಕ್ಕೆ ಇದನ್ನೂ ಸೇರಿಸಿಕೊಳ್ಳಿ, ನಾನು ಅಷ್ಟರ ಮಟ್ಟಿಗೆ ಒಪ್ಪುತ್ತೇನೆ.

ತುಂಗಭದ್ರಾ_ರಂಗ

ಮುಖ ಮುಚ್ಚಿದ್ದರಿಂದ ನಟರಿಗೆ ಸಿಗುವ ಒಂದು ಅನುಕೂಲವನ್ನೂ ಹೇಳಬೇಕು. ಒಬ್ಬರೇ ಎಷ್ಟು ಸಲ ಬೇಕಾದರೂ ಬರಬಹುದು. ಮಾರ್ಕ್ ಲೆನಾರ್ಡ್ ರೊಮ್ಯುಲನ್, ವಲ್ಕನ್, ಕ್ಲಿಂಗಾನ್ ಮೂರೂ ಆದ ಮೊದಲ ನಟ. ಜೆಫ್ರಿ ಕೂಂಬ್ಸ್ ‘ಡೀಪ್ ಸ್ಪೇಸ್ ನೈನ್’ನಲ್ಲಿ ನಯವಂಚಕ ವೇಯೂನ್ ಕೂಡ ಹೌದು, ಕಂದಾಯದ ಅಧಿಕಾರಿಯಂತೆ ಕಾಡುವ ಬ್ರಂಟ್ ಎಂಬ ಫೆರೆಂಗಿ ಕೂಡ ಹೌದು. 1999ರ ಒಂದು ಕಂತಿನಲ್ಲಿ ಇಬ್ಬರೂ ಬರುತ್ತಾರೆ. ಪಾತ್ರಕ್ಕೆ ತಕ್ಕ ನಟ ಒಮ್ಮೆ ಸಿಕ್ಕರೆ ನಿರ್ಮಾಪಕರು ಬಿಡುತ್ತಿರಲಿಲ್ಲ, ಏಕೆಂದರೆ ರಬ್ಬರಿನೊಳಗೆ ನಟಿಸಬಲ್ಲವರು ಎಲ್ಲ ಕಡೆ ಸಿಗುವುದಿಲ್ಲ.

ಶರಾವತಿ_ತೀರ ಅವರೇ, ನಿಮ್ಮ ಮಗಳಿಗೆ ಆರನೆಯ ಸರಣಿಯ ‘ಫಾರ್ ಬಿಯಾಂಡ್ ದ ಸ್ಟಾರ್ಸ್’ ಕಂತನ್ನು ತೋರಿಸಿ. 1998ರ ಆ ಕಂತಿನಲ್ಲಿ ಈ ಎಲ್ಲ ನಟರೂ ಮೇಕಪ್ ಇಲ್ಲದೆ, ಐವತ್ತರ ದಶಕದ ನ್ಯೂಯಾರ್ಕಿನ ಮನುಷ್ಯರಾಗಿ ಬರುತ್ತಾರೆ. ಯಾರು ಯಾರೆಂದು ಮೊದಲೇ ಹೇಳಬೇಡಿ.

ಶರಾವತಿ_ತೀರ

ನಿನ್ನೆ ರಾತ್ರಿ ನೋಡಿದೆವು. ನೀವು ಹೇಳಿದಂತೆ ನಾನು ಬಾಯಿ ಬಿಡಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದೆ. ಬರಹಗಾರರ ಕೋಣೆಯಲ್ಲಿ ಶಿಮರ್‌ಮನ್ ಬಾಯಿ ತೆರೆದು ಎರಡು ಮಾತು ಆಡುವಷ್ಟರಲ್ಲಿ “ಕ್ವಾರ್ಕ್!” ಎಂದು ಕೂಗಿದಳು. ಸಂಪಾದಕನಾಗಿ ಬಂದ ಓಬರ್‌ಜನ್ವಾ ಅವರನ್ನು ಗೊಗ್ಗರು ದನಿಯಿಂದ ಗುರುತಿಸಿದಳು. ಡಾರ್ನ್ ಬೇಸ್‌ಬಾಲ್ ಆಟಗಾರನಾಗಿ ನಗುನಗುತ್ತಾ ಬಂದಾಗ ಮಾತ್ರ ಪೂರ್ತಿ ಸೋತಳು, ವೋರ್ಫ್ ನಗುವುದನ್ನು ಅವಳು ಕಂಡೇ ಇರಲಿಲ್ಲವಲ್ಲ.

ಆಮೇಲೆ ಬೀದಿಯಲ್ಲಿ ಇಬ್ಬರು ಪೊಲೀಸರು ಬಂದರು. ಮೊದಲು ಅವಳಿಗೆ ಏನೂ ಹೊಳೆಯಲಿಲ್ಲ. ಅವರಲ್ಲೊಬ್ಬ ನಿಧಾನವಾಗಿ ಗಲ್ಲವೆತ್ತಿ, ಕುತ್ತಿಗೆ ನಿಮಿರಿಸಿ ಧಾರಾವಾಹಿಯ ನಾಯಕ ಸಿಸ್ಕೋನ ಪಾತ್ರವನ್ನು ಮೇಲಿನಿಂದ ಕೆಳಗೆ ನೋಡಿದ. ಅವಳು ರಿಮೋಟ್ ಕಿತ್ತುಕೊಂಡು ಚಿತ್ರ ನಿಲ್ಲಿಸಿ, ಪರದೆಯ ಹತ್ತಿರ ಹೋಗಿ ಆ ಪೊಲೀಸನ ಕಾಲರಿನ ಮೇಲೆ ಬೆರಳಿಟ್ಟು, “ಅಪ್ಪಾ, ಇವರು ಡುಕಾಟ್. ಕುತ್ತಿಗೆ ನೋಡು” ಎಂದಳು. ಇಲ್ಲಿ ನೀವು ಬರೆದದ್ದನ್ನು ನಾನು ಅವಳಿಗೆ ಓದಿ ಹೇಳಿರಲಿಲ್ಲ.

ಬಣ್ಣದ_ಪೆಟ್ಟಿಗೆ

ಓದಿ ಕಣ್ಣು ತುಂಬಿತು. ಇನ್ನೊಬ್ಬ ಪೊಲೀಸ್ ಯಾರೆಂದು ಕಂಡುಹಿಡಿದಳೇ?

ಶರಾವತಿ_ತೀರ

ಇಲ್ಲ. ಹೇಳಬೇಡ, ನಾಳೆ ಮತ್ತೆ ನೋಡಿ ನಾನೇ ಹುಡುಕುತ್ತೇನೆ ಎಂದಿದ್ದಾಳೆ.